ಚಮಚ ಎಳೆದುಕೊಂಡ ನೀರು

ಭೇರ್ಯದ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಹೇಳಿಕೊಡುತ್ತಿದ್ದ ಮೇಡಂ, ಏನು ಕೇಳಿದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಮೊದಲು ಮುಟ್ಟಿ ನೋಡು" ಅನ್ನುತ್ತಿದ್ದರು.

ಒಂಬತ್ತನೇ ಕ್ಲಾಸಿಗೇ ನನ್ನ ಓದು ಸಾಕೆಂದು, ಬಿಡಿಸಿ ಕರೆದೊಯ್ಯಲು ಅಪ್ಪ ಸ್ಕೂಲಿಗೆ ಬಂದಾಗ ಅವರು ವಾದಕ್ಕಿಳಿಯಲಿಲ್ಲ. ನಮ್ಮಿಬ್ಬರನ್ನೂ ನಲ್ಲಿಯ ಹತ್ತಿರ ಕರೆದೊಯ್ದು, ನೀರು ಬಿಟ್ಟು, ಅಪ್ಪನ ಕೈಗೊಂದು ಚಮಚ ಕೊಟ್ಟು, "ಮೊದಲು ಮುಟ್ಟಿ ನೋಡಿ" ಅಂದರು. ಸಡಿಲವಾಗಿ ಹಿಡಿದ ಚಮಚದ ಉಬ್ಬಿದ ಬೆನ್ನು ನೀರಿಗೆ ತಾಗಿದ್ದೇ, ಅದು ಧಾರೆಯೊಳಕ್ಕೆ ಸರಿಯಿತು.

"ನೀರು ತಳ್ಳೋದು ಬುಟ್ಟು ಎಳಕತ್ತದಲ್ಲ ಮೇಡಂ!" ಅಪ್ಪ ಬೆರಗಾದರು.

"ಯಾಕೇಂತ ನಿಮ್ಮ ಮಗಳನ್ನೇ ಕೇಳಿ."

ನಾನು ಚಮಚದ ಬೆನ್ನು ತೋರಿಸಿ ಹೇಳಿದೆ: "ನೀರು ಉಬ್ಬಿಗೆ ಅಂಟ್ಕಂಡು ಪಕ್ಕಕ್ಕೆ ತಿರುಗ್ತದೆ ಕಣಪ್ಪ. ಅಂಗೆ ತಿರುಗುವಾಗ ಚಮಚನ ಒಳಕ್ಕೆ ಎಳಕತ್ತದೆ."

ಅಪ್ಪ ಮತ್ತೆ ಮತ್ತೆ ಹಿಡಿದು ನೋಡಿದರು. ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡು, "ಓದ್ಲಿ ಬುಡಿ" ಎಂದು ಒಬ್ಬರೇ ಊರಿಗೆ ಹೊರಟರು.

ಮೇಡಂ ನಲ್ಲಿ ನಿಲ್ಲಿಸಿ, "ಕ್ಲಾಸಿಗೆ ನಡಿ" ಅಂದರು.