ಇಳಿಜಾರಿನಲ್ಲಿ ಉಳಿಸಿದ ಹನಿ

ಡಿಪೋದ ಗೇಟು ದಾಟಿದ ಕೂಡಲೇ ಎಡಕ್ಕೆ, ಡೀಸೆಲ್ ಪಂಪಿನ ಪಕ್ಕದ ಗೋಡೆಯ ಮೇಲೆ ಒಂದು ಕರಿಹಲಗೆ ಇದೆ. ತಿಂಗಳ ಮೊದಲನೇ ದಿನ ಗುಮಾಸ್ತ ಸ್ಟೂಲು ಹತ್ತಿ, ಯಾವ ಡ್ರೈವರು ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಬಸ್ಸು ಓಡಿಸಿದ್ದಾನೆಂದು ಮೇಲಿನಿಂದ ಕೆಳಕ್ಕೆ ಬರೆಯುತ್ತಾನೆ. ಮೊದಲ ಸಾಲು ಬರೆಯುವಾಗ ಅವನು ಕೈಯಲ್ಲಿದ್ದ ಪಟ್ಟಿಯ ಕಡೆ ನೋಡುತ್ತಲೂ ಇರಲಿಲ್ಲ. ಉಳಿದವರೆಲ್ಲ ನಾಲ್ಕೂವರೆ ದಾಟುವುದಕ್ಕೆ ಏದುಸಿರು ಬಿಡುತ್ತಿದ್ದಾಗ, ಹತ್ತೊಂಬತ್ತು ವರ್ಷದಿಂದ ಐದರ ಮೇಲೆ ಕುಳಿತಿದ್ದವನು ಒಬ್ಬನೇ. ಡೀಸೆಲ್ಲನ್ನು ಹನಿ ಲೆಕ್ಕದಲ್ಲಿ ಕುಡಿಸುತ್ತಾನೆಂದು ಡಿಪೋದವರು ಅವನನ್ನು ಹನಿಯಣ್ಣ ಅಂತ ಕರೆದರು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ವೈದ್ಯರಿಗೆ ಕೈಗುಣ ಇದ್ದ ಹಾಗೆ ಹನಿಯಣ್ಣನಿಗೆ ಕಾಲುಗುಣ. ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಒಂದು ಮರದ ಸುತ್ತಿಗೆಯಿಂದ ಆರೂ ಚಕ್ರಕ್ಕೆ ತಟ್ಟಿ ಸದ್ದು ಕೇಳುತ್ತಿದ್ದ. ಗಾಳಿ ಸ್ವಲ್ಪ ಕಡಿಮೆಯಿದ್ದರೂ ಅವನ ಕಿವಿಗೆ ಗೊತ್ತಾಗುತ್ತಿತ್ತು. ಹೊರಡುವಾಗ ಪೆಡಲನ್ನು ತುಳಿಯುತ್ತಿರಲಿಲ್ಲ, ಅದರ ಮೇಲೆ ಕಾಲನ್ನು ಮೆಲ್ಲಗೆ ಒರಗಿಸುತ್ತಿದ್ದ. ದೂರದ ಸಿಗ್ನಲ್ ಕೆಂಪಾದರೆ ಇಲ್ಲಿಂದಲೇ ಕಾಲೆತ್ತುತ್ತಿದ್ದ. ಅವನು ತಲುಪುವ ಹೊತ್ತಿಗೆ ಅದು ಹಸಿರಾಗಿರುತ್ತಿತ್ತು, ಬಸ್ಸು ನಿಲ್ಲದೆ ಸರಿದು ಹೋಗುತ್ತಿತ್ತು. ಕೊನೆಯ ಸ್ಟಾಪಿನಲ್ಲಿ ಎಂಜಿನ್ನು ಸುಮ್ಮನೆ ಗುರುಗುಟ್ಟಲು ಬಿಡುತ್ತಿರಲಿಲ್ಲ. ಮನೆಯಲ್ಲೂ ಅದೇ ಬುದ್ಧಿ. ಹೆಂಡತಿ ಒಲೆಯ ಮೇಲೆ ಪಾತ್ರೆಯಿಟ್ಟು ಅತ್ತ ತಿರುಗಿದರೆ ಸಾಕು, ಹೋಗಿ ಉರಿ ತಗ್ಗಿಸಿ ಬರುತ್ತಿದ್ದ. "ಮಾತನ್ನೂ ಲೀಟರ್ ಲೆಕ್ಕದಲ್ಲಿ ಖರ್ಚು ಮಾಡೋ ಮನುಷ್ಯ" ಎಂದು ಆಕೆ ಅಕ್ಕಪಕ್ಕದವರ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ಇದೆಲ್ಲ ಎಲ್ಲರಿಗೂ ಗೊತ್ತಿದ್ದದ್ದು. ಯಾರಿಗೂ ಹೇಳದ ಒಂದು ಗುಟ್ಟೂ ಅವನಲ್ಲಿತ್ತು. ನೀರಿನ ಟ್ಯಾಂಕಿನಿಂದ ಆಸ್ಪತ್ರೆಯವರೆಗೆ ಒಂದೂವರೆ ಕಿಲೋಮೀಟರ್ ಇಳಿಜಾರಿದೆ. ಟ್ಯಾಂಕು ದಾಟಿದ ಕೂಡಲೇ ಹನಿಯಣ್ಣ ಗೇರು ತೆಗೆದು ನ್ಯೂಟ್ರಲ್ ಮಾಡಿ, ಬಸ್ಸನ್ನು ಅದರ ಪಾಡಿಗೆ ಉರುಳಲು ಬಿಡುತ್ತಿದ್ದ. ಅವನಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದ ಹಳೆಯ ಡ್ರೈವರು ಹೇಳಿಕೊಟ್ಟ ವಿದ್ಯೆ ಅದು. ಡಿಪೋದ ನಿಯಮದ ಪುಸ್ತಕದಲ್ಲಿ ಅದು ತಪ್ಪು ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. ಪುಸ್ತಕ ಬರೆದವರು ಬಸ್ಸು ಓಡಿಸಿದ್ದಾರೆಯೇ ಎಂದು ಹನಿಯಣ್ಣ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದ. ದಿನಕ್ಕೆ ಎಂಟು ಸಲ ಆ ಇಳಿಜಾರು. ಹನಿ ಹನಿ ಕೂಡಿದರೆ ಹಳ್ಳ. ತನಗೂ ಎರಡನೇ ಸಾಲಿನವನಿಗೂ ಇರುವ ಅಂತರವೆಲ್ಲ ಅಲ್ಲೇ ಹುಟ್ಟುತ್ತದೆಂದು ಅವನು ನಂಬಿಕೊಂಡಿದ್ದ.

ಎರಡು ವರ್ಷದ ಹಿಂದೆ ಅವನ ಕಿರಿಮಗಳು ಅದೇ ಡಿಪೋದಲ್ಲಿ ಡ್ರೈವರಾಗಿ ಸೇರಿದಳು. ತಾಯಿಗೆ ಇಷ್ಟವಿರಲಿಲ್ಲ, ಅಪ್ಪನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೆ ಮೊದಲ ಆರು ತಿಂಗಳು ಹುಡುಗಿಯ ಹೆಸರು ಕರಿಹಲಗೆಯ ತಳದಲ್ಲೇ ಬಿದ್ದಿತ್ತು. ಹೊಸಬರಿಗೆಲ್ಲ ಆಗುವುದೇ ಅದು. ಹೆದರಿಕೆಗೆ ಬೇಗ ಬೇಗ ಬ್ರೇಕು ಹಾಕುತ್ತಾರೆ, ಆಮೇಲೆ ಹೋದ ಹೊತ್ತನ್ನು ಹಿಡಿಯಲು ಜೋರಾಗಿ ತುಳಿಯುತ್ತಾರೆ. ಇನ್ನೊಂದು ವರ್ಷ ಸುಮ್ಮನಿದ್ದಿದ್ದರೆ ತಾನಾಗಿಯೇ ಕಲಿಯುತ್ತಿದ್ದಳು. ಹನಿಯಣ್ಣನಿಗೆ ತಾಳ್ಮೆ ಇದ್ದದ್ದು ರಸ್ತೆಯ ಮೇಲೆ ಮಾತ್ರ. ಮೇಲೆ ಅಪ್ಪ, ಕೆಳಗೆ ಮಗಳು ಎಂದು ಕ್ಯಾಂಟೀನಿನಲ್ಲಿ ಯಾರೋ ನಕ್ಕದ್ದು ಅವನಿಗೆ ಚುಚ್ಚಿತು. ಒಂದು ಮಧ್ಯಾಹ್ನ ಮಗಳನ್ನು ತನ್ನ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಇಳಿಜಾರನ್ನು ತೋರಿಸಿಕೊಟ್ಟ. ಮೂರೇ ತಿಂಗಳಲ್ಲಿ ಅವಳು ಮೇಲಿನಿಂದ ಮೂರನೆಯವಳಾದಳು. ಅಷ್ಟರಲ್ಲಿ ಅವಳ ಕಾಲೂ ಪಳಗಿತ್ತೆಂಬುದು ಅಪ್ಪನಿಗೂ ಹೊಳೆಯಲಿಲ್ಲ, ಮಗಳಿಗೂ ಹೊಳೆಯಲಿಲ್ಲ.

ಕೆಡುಕು ಬಂದದ್ದು ಒಂದು ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ. ಮಗಳ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಟ್ಯಾಂಕಿನಿಂದ ಇಳಿಯುವಾಗ ಮುಂದೆ ಒಂದು ಲಾರಿ ನಿಧಾನವಾಗಿ ಹೋಗುತ್ತಿತ್ತು. ಮಗಳು ಬ್ರೇಕು ಒತ್ತುತ್ತಾ, ಬಿಡುತ್ತಾ, ಮತ್ತೆ ಒತ್ತುತ್ತಾ ಇಳಿದಳು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಕಾಲುಭಾಗ ಉಳಿದಿರುವಾಗ ಪೆಡಲು ಪೂರ್ತಿ ಕೆಳಗೆ ಹೋದರೂ ಬಸ್ಸು ಕೇಳಲಿಲ್ಲ. ಆಗ ಗೇರಿಗೆ ಹಾಕಲು ನೋಡಿದಳು. ಆ ವೇಗದಲ್ಲಿ ಗೇರು ಕಿರಿಚಿತೇ ಹೊರತು ಒಳಗೆ ಕೂರಲಿಲ್ಲ. ಲಾರಿಗೆ ಗುದ್ದದಂತೆ, ಜನರ ಮೇಲೆ ಹರಿಯದಂತೆ, ಬಸ್ಸನ್ನು ಆಸ್ಪತ್ರೆಯ ಕಾಂಪೌಂಡಿಗೆ ಒತ್ತಿ ಉಜ್ಜಿಕೊಂಡು ಹೋಗಿ ನಿಲ್ಲಿಸಿದಳು. ಯಾರ ಜೀವವೂ ಹೋಗಲಿಲ್ಲ. ಕಂಡಕ್ಟರನ ಕಾಲು ಎರಡು ಕಡೆ ಮುರಿಯಿತು. ಆ ಕಂಡಕ್ಟರು ಬೇರೆ ಯಾರೂ ಅಲ್ಲ, ಹನ್ನೊಂದು ವರ್ಷ ಹನಿಯಣ್ಣನ ಬಸ್ಸಿನಲ್ಲೇ ದುಡಿದ ಅವನ ಜೀವದ ಗೆಳೆಯ. ಹೊಸ ಡ್ರೈವರಿಗೆ ಹಳಬ ಜೊತೆಗಿರಲಿ ಎಂದು ಹನಿಯಣ್ಣನೇ ಅವನನ್ನು ಮಗಳ ಬಸ್ಸಿಗೆ ಕಳಿಸಿದ್ದ.

"ಬ್ರೇಕ್ ಹಿಡಿಯಲಿಲ್ಲ" ಎಂದು ಮಗಳು ಹೇಳಿಕೆಯಲ್ಲಿ ಬರೆದುಕೊಟ್ಟಳು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ಹೇಳಿಕೆ ಹೋಗಿ ನಿಂತದ್ದು ಬ್ರೇಕ್ ಮೆಕ್ಯಾನಿಕ್ಕನ ಕುತ್ತಿಗೆಗೆ. ಅಂದು ಬೆಳಿಗ್ಗೆ ಬ್ರೇಕು ಸರಿಮಾಡಿ ಸಹಿ ಹಾಕಿದವನು ಅವನು. ಚಕ್ರವನ್ನು ಉಜ್ಜಿ ಹಿಡಿಯುವ ಬ್ರೇಕಿನ ಲೈನರು ಸುಟ್ಟಿರುವುದರಿಂದ ಅವನು ಬ್ರೇಕನ್ನು ಅತಿಯಾಗಿ ಬಿಗಿ ಮಾಡಿರಬೇಕು, ಅದು ಉಜ್ಜಿ ಉಜ್ಜಿ ಕಾದಿರಬೇಕು ಎಂದು ವಿಚಾರಣೆಯವರು ಗುಮಾನಿ ಪಟ್ಟರು. ಮೆಕ್ಯಾನಿಕ್ಕನನ್ನು ಮನೆಯಲ್ಲಿರಲು ಹೇಳಿದರು.

ಹನಿಯಣ್ಣನಿಗೆ ಲೈನರು ಸುಟ್ಟಿತೆಂದು ಕೇಳಿದ ಕ್ಷಣವೇ ತಾನು ಕಲಿಸಿದ ಇಳಿಜಾರು ನೆನಪಾಗಿತ್ತು. ಮಗಳು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಾಗ ಹೋಗಿ, ನ್ಯೂಟ್ರಲ್ಲಿನಲ್ಲಿತ್ತೇ ಎಂದು ಕೇಳಿದ. ಅವಳು ಚಾಕು ನಿಲ್ಲಿಸಲಿಲ್ಲ.

"ಅದ್ ಹೇಳಿದ್ರೆ ಯಾರ್ ಕಲಿಸಿದ್ದು ಅಂತ ಕೇಳ್ತಾರೆ" ಎಂದಳು. "ನಿನ್ನ ಹತ್ತೊಂಬತ್ತು ವರ್ಷ ಏನಾಗುತ್ತೆ ಅಪ್ಪ?"

ಮಗಳು ತನ್ನ ಮಾನ ಕಾಯುತ್ತಿದ್ದಾಳೆಂದು ಅವನಿಗೆ ಒಂದು ಗಳಿಗೆ ಹೆಮ್ಮೆಯೆನಿಸಿತು. ಆ ಹೆಮ್ಮೆಗೆ ತಕ್ಷಣವೇ ನಾಚಿಕೆಯೂ ಆಯಿತು. ಬಾಯಿಗೆ ಹಾಕಿಕೊಂಡ ಬಿಸಿ ತುಪ್ಪದಂತೆ ಆ ಗುಟ್ಟನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಾಲ್ಕು ದಿನ ಕಳೆದ.

ಐದನೇ ದಿನ ಆಸ್ಪತ್ರೆಗೆ ಹೋದ. ಕಂಡಕ್ಟರು ಕಾಲು ಮೇಲೆತ್ತಿ ಕಟ್ಟಿಸಿಕೊಂಡು ಮಲಗಿದ್ದ. ಇಬ್ಬರೂ ಊಟ, ಔಷಧಿ, ನರ್ಸಿನ ಬೈಗುಳ ಎಂದೆಲ್ಲ ಮಾತಾಡಿ ಮುಗಿಸಿದರು. ಆಮೇಲೆ ಕಂಡಕ್ಟರು ಸೂರು ನೋಡುತ್ತಾ ಹೇಳಿದ.

"ಹನ್ನೊಂದು ವರ್ಷ ನಿನ್ ಹಿಂದೆ ನಿಂತಿದೀನಿ ಕಣೋ. ಟ್ಯಾಂಕ್ ದಾಟ್ತಿದ್ದ ಹಾಗೇ ಎಂಜಿನ್ ಸದ್ದು ಬಿದ್ದು ಹೋಗೋದು. ನಾನು ಟಿಕೆಟ್ ಕೊಡೋದು ನಿಲ್ಸಿ, ಎರಡೂ ಕೈಯಲ್ಲಿ ಕಂಬಿ ಹಿಡ್ಕೋತಿದ್ದೆ. ಆಸ್ಪತ್ರೆ ಸ್ಟಾಪ್ ಬಂದ ಮೇಲೇನೇ ಬಿಡ್ತಿದ್ದಿದ್ದು."

ಯಾಕೆ ಒಂದು ಮಾತು ಹೇಳಲಿಲ್ಲ ಎಂದು ಹನಿಯಣ್ಣ ಕೇಳಿದ.

"ಬೋರ್ಡ್ ಮೇಲೆ ನಿನ್ ಹೆಸ್ರಿತ್ತಲ್ಲ, ನಂಗೂ ಅದು ಹೆಮ್ಮೇನೇ. ಮೊನ್ನೆನೂ ಹಿಡ್ಕೊಂಡೇ ಇದ್ದೆ. ಒಬ್ರು ಅಜ್ಜಿ ಬೀಳ್ತಿದ್ರು, ಒಂದ್ ಕೈ ಬಿಟ್ಟೆ, ಅಷ್ಟೆ."

ಹನಿಯಣ್ಣ ಮೆಟ್ಟಿಲಿಳಿದು ಹೊರಗೆ ಬಂದು, ಬಸ್ಸು ಉಜ್ಜಿದ ಗೋಡೆಯ ಮುಂದೆ ಎಷ್ಟೋ ಹೊತ್ತು ನಿಂತಿದ್ದ.

ಮರುದಿನ ಡಿಪೋ ಮ್ಯಾನೇಜರು ಅವನನ್ನೇ ಕರೆಸಿದರು. ಅದೇ ಮಾದರಿಯ ಇನ್ನೊಂದು ಬಸ್ಸನ್ನು ಅದೇ ಇಳಿಜಾರಿನಲ್ಲಿ ಇಳಿಸಿ, ಬ್ರೇಕು ಎಷ್ಟು ಕಾಯುತ್ತದೆಂದು ನೋಡಬೇಕಾಗಿತ್ತು. ಇಡೀ ಡಿಪೋದಲ್ಲೇ ಹೆಚ್ಚು ಪಳಗಿದ ಕಾಲು ನಿಮ್ಮದು, ನೀವು ಹೇಳಿದ್ದನ್ನು ಮೇಲಿನವರು ಒಪ್ಪುತ್ತಾರೆ ಎಂದರು. ಮಗಳ ಅಪ್ಪನ ಕೈಗೆ ಇಂಥ ಕೆಲಸ ಕೊಡುತ್ತಿದ್ದೇವಲ್ಲ ಎಂದು ಯಾರಿಗೂ ಅನಿಸಲಿಲ್ಲ. ಅವನ ಹೆಸರಿನ ತೂಕ ಅಷ್ಟಿತ್ತು. ಬಸ್ಸಿನಲ್ಲಿ ಮ್ಯಾನೇಜರು, ದೊಡ್ಡ ಆಫೀಸಿನಿಂದ ಬಂದ ಒಬ್ಬಳು ಎಂಜಿನಿಯರು, ಹಿಂದಿನ ಸೀಟಿನಲ್ಲಿ ಮೈ ಮುದುರಿಕೊಂಡು ಕುಳಿತ ಮೆಕ್ಯಾನಿಕ್ಕು. ಅವನು ಹನಿಯಣ್ಣನಿಗೆ ಕೈ ಮುಗಿದದ್ದು ಕನ್ನಡಿಯಲ್ಲಿ ಕಾಣಿಸಿತು. ಎಂಜಿನಿಯರು ಸ್ಟೀರಿಂಗಿನ ಪಕ್ಕಕ್ಕೆ ಅಂಗೈಯಗಲದ ಒಂದು ಪರದೆ ಸಿಕ್ಕಿಸಿದಳು. ವೇಗ, ಬ್ರೇಕು, ಆಯಾ ಕ್ಷಣಕ್ಕೆ ಕುಡಿಯುವ ಡೀಸೆಲ್, ಎಲ್ಲ ಅದರಲ್ಲಿ ಅಂಕಿಯಾಗಿ ಮೂಡುತ್ತಿತ್ತು.

ಪಕ್ಕದಲ್ಲಿ ಮ್ಯಾನೇಜರು ಇದ್ದದ್ದರಿಂದ ಹನಿಯಣ್ಣ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ಇಳಿಜಾರನ್ನು ಗೇರಿನಲ್ಲಿ ಇಳಿದ. ಪೆಡಲಿನಿಂದ ಕಾಲೆತ್ತಿದ. ಎಂಜಿನ್ನೇ ಬಸ್ಸನ್ನು ಹಿಂದಕ್ಕೆ ಹಿಡಿದುಕೊಂಡಿತು. ಬ್ರೇಕಿಗೆ ಕೆಲಸವೇ ಇರಲಿಲ್ಲ. ಪರದೆಯ ಕಡೆ ಕಣ್ಣು ಹೋಯಿತು. ಡೀಸೆಲ್ಲಿನ ಜಾಗದಲ್ಲಿ ಸೊನ್ನೆ ನಿಂತಿತ್ತು. ಯಂತ್ರ ಕೆಟ್ಟಿದೆಯೇ ಎಂದು ಅವನು ಕೇಳಿದ. ಎಂಜಿನಿಯರು ನಕ್ಕು, ಕೆಟ್ಟಿಲ್ಲ, ಗೇರಿನಲ್ಲಿ ಕಾಲೆತ್ತಿದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಈಗಿನ ಎಂಜಿನ್ನು ಆಗ ಒಂದು ಹನಿಯನ್ನೂ ಕುಡಿಯುವುದಿಲ್ಲ ಎಂದಳು. ಅವನು ಇನ್ನೊಂದು ಕೇಳಿದ. ನ್ಯೂಟ್ರಲ್ಲಿನಲ್ಲಿ?

ಅವಳು ಮ್ಯಾನೇಜರ ಕಡೆ ನೋಡಿ, ಬಸ್ಸು ಖಾಲಿಯಿದೆ, ರಸ್ತೆಯೂ ಖಾಲಿಯಿದೆ, ಹತ್ತು ಎಣಿಸುವಷ್ಟು ಮಾಡಿ ನೋಡಿ ಎಂದಳು. ಅವನು ಗೇರು ತೆಗೆದ. ಸೊನ್ನೆ ಎದ್ದು ಹೋಗಿ ಎರಡು ಬಂದು ಕುಳಿತಿತು. ಗಂಟೆಗೆ ಎರಡು ಲೀಟರು. ಚಕ್ರ ತಿರುಗಿಸುವುದನ್ನು ಬಿಟ್ಟ ಮೇಲೆ ಎಂಜಿನ್ನು ತನ್ನ ಉಸಿರಾಟಕ್ಕೆ ತಾನೇ ಕುಡಿಯಬೇಕಲ್ಲ ಎಂದು ಅವಳು ವಿವರಿಸುತ್ತಿದ್ದಳು. ಅವನಿಗೆ ಕೇಳಿಸಲಿಲ್ಲ. ಹಳೆಯ ಡ್ರೈವರ ಕಾಲದ ಬಸ್ಸಿನಲ್ಲಿ ಏನು ಉಳಿಯುತ್ತಿತ್ತೋ ಯಾರು ಬಲ್ಲರು. ಈ ಬಸ್ಸುಗಳು ಬಂದೇ ಹನ್ನೆರಡು ವರ್ಷವಾಗಿತ್ತು. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳುವವರ ಗಾದೆಯನ್ನು ಅವನೇ ಎಷ್ಟು ಸಲ ಬೇರೆಯವರಿಗೆ ಹೇಳಿ ನಕ್ಕಿದ್ದ.

ಗೇರಿಗೆ ಹಾಕಿ, ಬಸ್ಸನ್ನು ಆಸ್ಪತ್ರೆಯ ಗೋಡೆಯ ಪಕ್ಕ ನಿಲ್ಲಿಸಿದ. ಬ್ರೇಕು ಹೇಗಿದೆ ಎಂದು ಮ್ಯಾನೇಜರು ಕೇಳಿದರು.

"ಬ್ರೇಕ್ ಚೆನ್ನಾಗಿದೆ ಸಾರ್, ಅವತ್ತೂ ಚೆನ್ನಾಗೇ ಇತ್ತು. ನನ್ ಮಗಳು ನ್ಯೂಟ್ರಲ್ಲಲ್ಲಿ ಇಳಿಸಿದ್ಲು. ಕಲಿಸಿದೋನು ನಾನು. ಬರ್ಕೊಳ್ಳಿ."

ಮೆಕ್ಯಾನಿಕ್ಕು ಹಿಂದಿನ ಸೀಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಮಗಳನ್ನು ಒಂದು ವರ್ಷ ಸ್ಟೀರಿಂಗಿನಿಂದ ಇಳಿಸಿ ಟೈರಿನ ಕೋಣೆಗೆ ಹಾಕಿದರು. ಹನಿಯಣ್ಣನಿಗೆ ನಿವೃತ್ತಿಗೆ ಎಂಟು ತಿಂಗಳಿತ್ತು. ಅಲ್ಲಿಯವರೆಗೂ ಗೇಟಿನಲ್ಲಿ ಕೂರುವ ಕೆಲಸ ಬಂತು, ಕರಿಹಲಗೆಯ ಎದುರಿಗೇ. ಮಗಳು ಹತ್ತು ದಿನ ಮಾತು ಬಿಟ್ಟಳು. ನಿಜ ಹೇಳಿದ್ದಕ್ಕೆ ಅವಳಿಗೆ ಸಿಟ್ಟಿರಲಿಲ್ಲ, ತನ್ನನ್ನು ಕೇಳದೆ ತನ್ನ ಬಾಯಿಂದ ಬರಬೇಕಾದ್ದನ್ನು ಹೇಳಿದ್ದಕ್ಕೆ ಸಿಟ್ಟು. ಅದು ನ್ಯಾಯವೇ ಆಗಿತ್ತು. ಹನ್ನೊಂದನೇ ದಿನ ಭಾನುವಾರ, ಕಂಡಕ್ಟರನಿಗೆ ಊಟದ ಡಬ್ಬಿ ಒಯ್ಯಲು ಇಬ್ಬರೂ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕುಳಿತಿದ್ದಾಗ ಅವಳಾಗಿ ಕೇಳಿದಳು.

"ಒಂದ್ ಹನಿನೂ ಉಳೀಲಿಲ್ವಾ ಅಪ್ಪ?"

"ಇಲ್ಲ ಮಗಳೇ. ಇನ್ನೂ ಹೆಚ್ಚಿಗೇ ಹೋಗಿದೆ."

ಮತ್ತೆ ಮೈಲೇಜು ಹೇಗೆ ಬರುತ್ತಿತ್ತು ಎಂದಳು. ದೂರದಿಂದ ಕಾಲೆತ್ತುವುದು, ಗಾಳಿ ನೋಡುವುದು, ಮೆತ್ತಗೆ ಹೊರಡುವುದು, ಅಷ್ಟೇ ಇರಬೇಕು ಎಂದ ಅವನು. ಎಲ್ಲರ ಕಣ್ಣೆದುರು ಮಾಡುತ್ತಿದ್ದದ್ದೇ ಅದು. ಅದನ್ನು ಯಾರೂ ಅವನಲ್ಲಿ ಕೇಳಿ ಕಲಿತಿರಲಿಲ್ಲ.

ಬಸ್ಸು ಬಂತು. ಓಡಿಸುತ್ತಿದ್ದವನು ಕರಿಹಲಗೆಯ ಕೊನೆಯ ಸಾಲಿನ ಒಬ್ಬ ಹೊಸ ಡ್ರೈವರು. ಹನಿಯಣ್ಣನನ್ನು ಕಂಡು ಗೌರವದಿಂದ ತಲೆಯಾಡಿಸಿದ. ಸೀಟಿರಲಿಲ್ಲ. ಅಪ್ಪ ಮಗಳು ಮುಂದಿನ ಬಾಗಿಲ ಬಳಿ ನಿಂತರು. ನೀರಿನ ಟ್ಯಾಂಕು ದಾಟಿತು. ಎಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ಬಿದ್ದು ಹೋಯಿತು. ಮಗಳು ಅಪ್ಪನ ತೋಳು ಹಿಡಿದಳು.

ಹನಿಯಣ್ಣ ಡ್ರೈವರನ ಹತ್ತಿರಕ್ಕೆ ಸರಿದು, ಗೇರಿಗೆ ಹಾಕು ತಮ್ಮ, ಈಗಲೇ ಹಾಕು ಎಂದ.

ಹೊಸ ಡ್ರೈವರು ಕನ್ನಡಿಯಲ್ಲಿ ಅವನನ್ನು ನೋಡಿ ನಕ್ಕ. "ಯಾಕ್ ಹನಿಯಣ್ಣ, ಇದು ನಿಮ್ದೇ ವಿದ್ಯೆ ಅಲ್ವಾ? ವಿಚಾರಣೆ ಆದ್ಮೇಲೆ ನಿಮ್ ಮೈಲೇಜಿನ ಗುಟ್ಟು ಗೊತ್ತಾಯ್ತಲ್ಲ, ಡಿಪೋದಲ್ಲಿ ಎಲ್ರೂ ಕಲ್ತಿದೀವಿ."

ಬಸ್ಸು ವೇಗ ಹಿಡಿಯುತ್ತಿತ್ತು. ಹಾಕು ಎಂದು ಇನ್ನೊಮ್ಮೆ ಹೇಳುತ್ತಾ, ಹನಿಯಣ್ಣ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡ.