ಮಲಾಕಿಯ ದನಿಯಲ್ಲಿ ಉಪ್ಪಿನ ಕೂಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೋಲ್ಡ್ ಯಾರ್ಡ್ ಬೆಟ್ಟದ ನೆತ್ತಿಯ ಬಯಲಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಾಗಿದೆ. ಹನೋರಾ ಕ್ವಿಲ್ಟಿ ಕುದುರೆಯಿಂದಿಳಿದು, ಚೀಲದ ಬಾಯಿ ಬಿಚ್ಚಿ, ಚಪ್ಪಟೆ ಬಂಡೆಯ ಮೇಲೆ ಹಿಡಿಹಿಡಿ ಉಪ್ಪು ಸುರಿಯುತ್ತಾರೆ. ಆಮೇಲೆ ಎರಡೂ ಕೈ ಬಾಯಿಗೆ ಆನಿಸಿ ಕೂಗುತ್ತಾರೆ: "ಉಪ್ಪೋ... ಉಪ್ಪೋ... ಬರ್ರೋ..."

ಆ ಕೂಗು ಹೆಂಗಸಿನದಲ್ಲ. ಹೊಟ್ಟೆಯಾಳದಿಂದ ಎದ್ದು ಕೊನೆಗೆ ಒಡೆಯುವ ಗಂಡಸಿನ ದನಿ. ಹನ್ನೊಂದು ವರ್ಷದಿಂದ ಈ ಕಣಿವೆಯಲ್ಲೇ ಇದ್ದು, ಇವತ್ತು ದನ ಇಳಿಸಲು ಅವರ ಜೊತೆ ಬಂದಿರುವ ನನಗೂ ಮೈ ಜುಮ್ಮೆನ್ನುತ್ತದೆ. ಯಾಕೆಂದರೆ ಅದು ಅವರ ಗಂಡ ಮಲಾಕಿಯ ದನಿ. ಮಲಾಕಿ ಹಿಮ ಕರಗಿ ತುಂಬಿದ ಹೊಳೆ ದಾಟುವಾಗ ಕೊಚ್ಚಿಹೋಗಿ ನಾಲ್ಕು ವರ್ಷವಾಯಿತು.

ಡೊಂಕು ಮರಗಳ ಸಂದಿಯಲ್ಲಿ ಗಂಟೆಯ ಸದ್ದು. ಮುಂದೆ ಡಚೆಸ್ ಎಂಬ ಮುದಿ ಹಸು, ಅದರ ಹಿಂದೆ ಕೆಂಪು ದನಗಳ ಸಾಲು. ಉಸಿರಿನ ಆವಿ ಎಬ್ಬಿಸಿಕೊಂಡು ಬಂದು ಬಂಡೆ ನೆಕ್ಕತೊಡಗುತ್ತವೆ. "ಉಪ್ಪಿಗೆ ಬರ್ತಾವೆ ಅಂತ ಜನ ಅನ್ಕೊಂಡಿದ್ದಾರೆ," ಎನ್ನುತ್ತಾರೆ ಹನೋರಾ. "ಉಪ್ಪು ಬಂದೋರಿಗೆ ಮಾಡೋ ಮರ್ಯಾದೆ ಅಷ್ಟೆ. ಅವು ಬರೋದು ದನಿಗೆ."

ಬೇಸಿಗೆ ಪೂರ್ತಿ ದನಗಳು ಈ ಬಯಲಲ್ಲಿ ಮೇಯುತ್ತವೆ. ಬೇಲಿಯಿಲ್ಲ, ಕಾವಲಿಲ್ಲ. ಭೂಮಿಯ ಈ ದಕ್ಷಿಣ ತುದಿಯಲ್ಲಿ ಏಪ್ರಿಲ್ ಎಂದರೆ ಚಳಿಗಾಲದ ಹೊಸ್ತಿಲು; ಹಿಮ ಬೀಳುವ ಮೊದಲು ಕೆಳಗಿಳಿಸಬೇಕು, ಇಲ್ಲವಾದರೆ ನಿಂತಲ್ಲೇ ಸಾಯುತ್ತವೆ. ಐರ್ಲೆಂಡಿನಿಂದ ಮನೆಗೆಲಸಕ್ಕೆಂದು ಹಡಗು ಹತ್ತಿ ಬಂದ ಹನೋರಾ, ಮಲಾಕಿಯನ್ನು ಮದುವೆಯಾದಾಗ ಇಬ್ಬರ ಬಳಿ ಇದ್ದದ್ದು ಒಂದು ಕುದುರೆ, ಒಂದು ಕಬ್ಬಿಣದ ಬಾಣಲೆ. ತೊಲೆ ಸೀಳಿ ಗುಡಿಸಲು ಕಟ್ಟಿದರು. ಮೊದಲ ಮಗು ಆ ಗುಡಿಸಲಲ್ಲೇ ಹುಟ್ಟಿ, ಆ ಚಳಿಗೇ ಹೋಯಿತು. ಮತ್ತೆ ಮಕ್ಕಳಾಗಲಿಲ್ಲ. ಹನೋರಾ ಇದನ್ನು ಕುದುರೆಯ ಜೀನು ಬಿಗಿಯುತ್ತ ಹೇಳುತ್ತಾರೆ, ನನ್ನ ಕಡೆ ನೋಡುವುದಿಲ್ಲ.

ಬೆಟ್ಟ ಹತ್ತುವ ದಾರಿಗೆ ನಕ್ಷೆಯಲ್ಲಿ ಮಲಾಕಿಯ ಹೆಸರಿದೆ. ದಾರಿ ಕಂಡುಹಿಡಿದವನೆಂದು ಅವನನ್ನು ಹೊಗಳಲು ಹೋಗಿ ನಾನು ಬೈಸಿಕೊಂಡೆ.

"ಅವನಿಗೆಲ್ಲಿಂದ ಬರ್ಬೇಕು ಅಷ್ಟು ಬುದ್ಧಿ? ಬೇಸಿಗೆಗೆ ಪತಂಗ ಹಿಡಿದು ಸುಟ್ಟು ತಿನ್ನೋಕೆ ಬೆಟ್ಟ ಹತ್ತುತಿದ್ರಲ್ಲ ಈ ನೆಲದ ಮೂಲ ಜನ, ಅವರಲ್ಲೊಬ್ಬ ಅಜ್ಜಿ ತೋರಿಸಿದ ದಾರಿ ಅದು. ನಾವು ದನ ನುಗ್ಗಿಸಿದ್ವಿ. ಅವರನ್ನ ಸರ್ಕಾರದೋರು ದೂರದ ಪಾದ್ರಿಗಳ ಮಿಷನ್ನಿಗೆ ಸಾಗಿಸಿಬಿಟ್ರು. ನಾವು ಸುಮ್ನೆ ನೋಡ್ತಾ ನಿಂತಿದ್ವಿ. ಈಗ ನನ್ನ ಸರದಿ. ಯಾವ ಬಾಯಲ್ಲಿ ಅಳ್ಲಿ ಹೇಳಪ್ಪ?"

ಅವರ ಸರದಿ ಬಂದಿರುವುದು ನಿಜ. ಈ ಬಯಲಿನ ಗುತ್ತಿಗೆ ಮುಗಿದಿದೆ. ಹರಾಜಿನಲ್ಲಿ ಬಯಲುಸೀಮೆಯ ಕುರಿ ಸಾಹುಕಾರರು ಹೆಚ್ಚಿಗೆ ಕೂಗಿ ಹಿಡಿದುಕೊಂಡಿದ್ದಾರೆ. ಬೆಟ್ಟವಿಲ್ಲದ ಮೇಲೆ ಅಷ್ಟು ದನ ಸಾಕುವುದು ಹೇಗೆ? ಕೆಳಗಿನ ಕಣಿವೆಯ ಎಬ್ ಟ್ರೆಲೋರ್ ಹಿಂಡನ್ನು ಕೊಳ್ಳಲು ಒಪ್ಪಿದ್ದಾನೆ. ಅವನ ಹೊಲಕ್ಕೆ ತಂತಿ ಬೇಲಿಯಿದೆ, ಎರಡು ನಾಯಿಗಳಿವೆ. ಅಲ್ಲಿ ಯಾರೂ ಯಾರನ್ನೂ ಕೂಗಬೇಕಾಗಿಲ್ಲ. ಹನೋರಾಗೆ ಅದೇ ಸಂಕಟ. ದನ ಹೋದರೆ ದನಿಯೂ ಹೋಗುತ್ತದೆ.

ಆ ದನಿ ಅವರಿಗೆ ಬಂದ ಬಗೆಯೂ ವಿಚಿತ್ರವೇ. ಮಲಾಕಿ ತೀರಿಕೊಂಡ ಮೇಲಿನ ಮೊದಲ ಏಪ್ರಿಲ್‌ನಲ್ಲಿ ಹನೋರಾ ಒಬ್ಬರೇ ಮೇಲೆ ಬಂದು ದಿನವಿಡೀ ಗಂಟಲು ಹರಿದುಕೊಂಡರಂತೆ. ಒಂದು ಬಾಲವೂ ಅಲ್ಲಾಡಲಿಲ್ಲ.

"ಈ ಎಬ್ ಬೇರೆ ಬಂದು, 'ನಿನ್ನ ಕೂಗಿಗೆ ಕಾಗೆ ಬಂದ್ರೆ ಹೆಚ್ಚು ಕಣಮ್ಮ' ಅಂತ ಹಲ್ಲು ಕಿರಿದ. ಸಂಜೆಯಾಯ್ತು. ಸಿಟ್ಟು ನೆತ್ತಿಗೇರ್ತು, ದನದ ಮೇಲಲ್ಲ, ಎಬ್ ಮೇಲೂ ಅಲ್ಲ, ಮಲಾಕಿ ಮೇಲೆ. ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದು ಬಿಟ್ಟುಹೋದ್ನಲ್ಲ ಅಂತ. ಮನೇಲಿ ಜಗಳ ಆದಾಗ ಅವನ ದನಿ ಅಣಕಿಸ್ತಿದ್ದೆ ನಾನು, ಅವನನ್ನ ಉರಿಸೋಕೆ. ಹಾಗೇ ಅಣಕಿಸಿ ಕೂಗಿದೆ. ಗಂಟೆ ಸದ್ದು ಕೇಳಿಸ್ತು."

ಉಪ್ಪಿನ ಖಾಲಿ ಚೀಲ ಮಡಚಿ ಜೀನಿಗೆ ಕಟ್ಟುತ್ತಾರೆ. "ದನ ಬಂದಿದ್ದು ಆಮೇಲೆ ನೋಡಿದೆ. ಮೊದಲು ಹಿಂದೆ ತಿರುಗಿ ನೋಡಿದೆ, ಯಾರು ಕೂಗಿದ್ದು ಅಂತ. ಈಗ್ಲೂ ನೋಡ್ತೀನಿ. ಹುಚ್ಚು ಅನ್ನು ಬೇಕಾದ್ರೆ. ಅವನಿಲ್ದೆ ನಂಗೆ ಆಗೋದೇ ಇಲ್ಲ."

ಮಧ್ಯಾಹ್ನದ ಹೊತ್ತಿಗೆ ಹಿಂಡು ಕೆಳಗಿಳಿದು ಟ್ರೆಲೋರನ ದೊಡ್ಡಿ ಸೇರುತ್ತದೆ. ಗೇಟು ಹಾಕಬೇಕು ಎನ್ನುವಷ್ಟರಲ್ಲಿ ಹನೋರಾ ಡಚೆಸ್‌ನ ಕೊರಳಿಗೆ ಹಗ್ಗ ಹಾಕಿ ಹೊರಗೆಳೆಯುತ್ತಾರೆ.

"ಅದನ್ನೆಲ್ಲಿಗೆ ಒಯ್ತೀಯೇ?" ಟ್ರೆಲೋರ್ ಅಡ್ಡ ನಿಲ್ಲುತ್ತಾನೆ. "ಉಳಿದವೆಲ್ಲ ಅದರ ಬಾಲ ಹಿಡಿದೇ ನಡೆಯೋದು. ಅದಿಲ್ದಿದ್ರೆ ನಾ ಹೇಳಿದ ಬೆಲೆ ಇಲ್ಲ."

"ಕಮ್ಮಿ ಕೊಡು."

"ಹಲ್ಲಿಲ್ಲ, ಹಾಲಿಲ್ಲ. ಈ ಮುದುಕೀನ ಇಟ್ಕೊಂಡು ಏನ್ಮಾಡ್ತೀಯೇ ನೀನು?"

"ಬೆಳಗ್ಗೆ ಎದ್ದು ಕೂಗ್ತೀನಿ."

ಟ್ರೆಲೋರ್ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾನೆ. ಕೆಟ್ಟವನಲ್ಲ ಅವನು, ಅರ್ಥವಾಗಿಲ್ಲ ಅಷ್ಟೆ. "ಅಲ್ಲಮ್ಮ, ಅಂಗಳದಲ್ಲೇ ಬಿದ್ದಿರೋ ಹಸೂನ ಕೂಗೋದು ಯಾಕೆ?"

ಹನೋರಾ ಆಗಲೇ ಹಗ್ಗ ಹಿಡಿದು ಹೊರಟಾಗಿದೆ. ತಿರುಗದೆಯೇ ಹೇಳುತ್ತಾರೆ:

"ದಿನಾ ಸಂಜೆ ಗುಡ್ಡದ ಆಚೆ ಬಿಟ್ಟು ಬರ್ತೀನಿ ಬಿಡು."