ಮೀನಿಗೂ ಒಪ್ಪತ್ತು

ವರ್ಗವಾದ ಅಧಿಕಾರಿಯ ಮನೆಯ ಸಾಮಾನು ಕೊಳ್ಳುವುದಿದ್ದರೆ ಲಾರಿ ಬಂದು ಬಾಗಿಲಿಗೆ ನಿಂತ ಮೇಲೆಯೇ ಹೋಗಬೇಕು. ಮೊದಲೇ ಹೋದರೆ ಅವರು ಅಂಗಡಿಯ ರೇಟು ಹೇಳುತ್ತಾರೆ. ಡ್ರೈವರ್ ಹಾರ್ನ್ ಹೊಡೆಯತೊಡಗಿದ ಮೇಲೆ ನಾವು ಹೇಳಿದ್ದೇ ರೇಟು. ಎಪ್ಪತ್ತರ ದಶಕದ ಕೊನೆಯಲ್ಲಿ ಮುನಿರಾಬಾದಿನ ಡ್ಯಾಂ ಕಾಲನಿಯಿಂದ ನಾನು ಗಾಜಿನ ಮೀನಿನ ತೊಟ್ಟಿ ತಂದದ್ದು ಹೀಗೆಯೇ. ಗಂಗಾವತಿಯಲ್ಲಿ ಕಬ್ಬಿಣ ಸಾಮಾನಿನ ಅಂಗಡಿ ಇಟ್ಟವನು ನಾನು. ತೊಟ್ಟಿಯ ಚೌಕಟ್ಟಿನ ತೂಕವನ್ನು ಕಣ್ಣಿನಲ್ಲೇ ಹಿಡಿದೆ. ಹಳೇ ಕಬ್ಬಿಣದ ಬೆಲೆಗೆ ತೊಟ್ಟಿ ಕೇಳಿದೆ. ಗಾಳಿ ಊದುವ ಪುಟ್ಟ ಯಂತ್ರವನ್ನೂ ಮೀನುಗಳನ್ನೂ ಮೇಲೆ ಕೊಸರಾಗಿ ಹಾಕಿಸಿಕೊಂಡೆ.

ಅಧಿಕಾರಿಯ ಹೆಂಡತಿ ಮೈಸೂರು ಕಡೆಯವರು. ಕೊಡುವಾಗ ಒಂದು ಮಾತು ಹೇಳಿದರು. “ಇವು ನಿಮ್ಮ ಡ್ಯಾಮಿನ ಕಾಟ್ಲಾ, ರೋಹುಗಳ ಬಳಗದವೇ, ಗೆಂಡೆ ಜಾತಿ. ಬಣ್ಣ ಮಾತ್ರ ಬಂಗಾರದ್ದು. ಇವಕ್ಕೆ ಹೊಟ್ಟೆಚೀಲವೇ ಇರೋದಿಲ್ಲವಂತೆ, ಹಾಕಿದಷ್ಟೂ ತಿಂತಾವೆ. ದಿನಕ್ಕೆ ಒಂದು ಚಿಟಿಕೆ, ಅಷ್ಟೇ.”

ಚಿಟಿಕೆಯಲ್ಲಿ ದಿನ ದೂಡುವ ಜೀವ ಮನೆಗೆ ಬರುತ್ತದೆಂದರೆ ಯಾರಿಗೆ ಬೇಡ? ಆದರೆ ಆ ಮಾತನ್ನು ಕೇಳಬೇಕಾಗಿದ್ದವಳು ನಮ್ಮ ಅವ್ವ.

ನಮ್ಮದು ಮೀನು, ಮಾಂಸ ಮುಟ್ಟದ ಮನೆ. ಅದಕ್ಕೆ ಅವ್ವ ಗಲಾಟೆ ಮಾಡುತ್ತಾಳೆಂದು ಅಂದುಕೊಂಡಿದ್ದೆ, ಮಾಡಲಿಲ್ಲ. ಪಡಸಾಲೆಯಲ್ಲಿ ಅವಳು ಉಣ್ಣಲು ಕೂರುವ ಜಾಗದ ಎದುರಿಗೇ ತೊಟ್ಟಿ ಇಡಿಸಿದೆ. ನೀರು ತುಂಬಿದ ಮೇಲೆ ಅಲ್ಲಾಡಿಸುವ ಹಾಗಿಲ್ಲ. ತೊಟ್ಟಿ ಇಡುವವರು ಮೊದಲು ಜಾಗ ನೋಡಿ ಇಡಿ ಎಂದು ಇವತ್ತಿಗೂ ಹೇಳುತ್ತೇನೆ.

ಅವ್ವ ತಟ್ಟೆ ಮುಂದಿಟ್ಟುಕೊಂಡ ಕೂಡಲೇ ಮೀನುಗಳೆಲ್ಲ ಗಾಜಿಗೆ ಬಂದು ಬಾಯಿ ತೆರೆದು ಮುಚ್ಚಿ ಮಾಡಿದವು. ಅವ್ವನ ಕೈಯ ತುತ್ತು ಕೈಯಲ್ಲೇ ಉಳಿಯಿತು.

“ಹಸ್ದಾವಲ್ಲೋ!”

“ಹಸಿವಿಲ್ಲಬೇ ಯವ್ವಾ, ಅವುಗಳ ಚಾಳೀನ ಹಂಗ.”

“ಬಾಯಿ ತೆಗದವರ ಮುಂದ ನಾ ಹೆಂಗ ಉಣ್ಲೋ? ನಮ್ಮ ಮನಿಗೆ ಬಂದವರು ಎಂದಾದ್ರೂ ಉಪಾಸ ಹೋಗ್ಯಾರೇನು?”

ರೊಟ್ಟಿಯ ಚೂರು ಬಿತ್ತು. ಆಮೇಲೆ ಮೊಸರನ್ನ. ಮನೆಗೆ ಬಂದವರೆಲ್ಲ ತಮಗೆ ಕೊಟ್ಟ ಚುರುಮುರಿಯಲ್ಲಿ ಒಂದಿಷ್ಟು ತೊಟ್ಟಿಗೆ ಒಗೆದೇ ಕೂರಬೇಕು ಎಂಬುದು ಅವ್ವನ ಕಾಯಿದೆಯಾಯಿತು. ನೀರು ಅಕ್ಕಿ ತೊಳೆದ ನೀರಿನಂತಾಗಿ, ವಾಸನೆ ಹೊಡೆದು, ಉಸಿರು ಸಾಲದೆ ಮೀನುಗಳು ಮೇಲೆ ಬಂದು ಇನ್ನಷ್ಟು ಬಾಯಿ ತೆರೆದವು. ಅವ್ವ ಇನ್ನಷ್ಟು ಹಾಕಿದಳು. ಕೊಳಾಯಿ ನೀರು ಹಿಡಿದು ಹಿಡಿದು ನನ್ನ ಹೆಂಡತಿ ರೇಗಿದಳು. “ರೀ, ನಮಗ ಕುಡಿಯಾಕ ಒಂದ ಕೊಡ, ನಿಮ್ಮ ಮೀನಿಗೆ ನಾಕ ಕೊಡ. ನನ್ನೂ ಅದರಾಗ ಬಿಟ್ಟುಬಿಡ್ರಿ, ಛಲೋ ಇರ್ತೀನಿ!”

ಒಂದು ಮೀನು ಹೊಟ್ಟೆ ಮೇಲಾಗಿ ತೇಲಿತು. ತಿಂದು ಸತ್ತಿತೆಂದು ನಾನೆಂದರೆ, ಹಸಿದು ಸತ್ತಿತೆಂದು ಅವ್ವ ಅತ್ತಳು. ಆ ಹೊತ್ತು ಊಟ ಬಿಟ್ಟಳು. ಮರುದಿನ ಉಳಿದವಕ್ಕೆ ಎರಡರಷ್ಟು ಹಾಕಿದಳು. ಮತ್ತೊಂದು ಸತ್ತಿತು, ಮತ್ತೆ ಊಟ ಬಿಟ್ಟಳು. ಮುದುಕಿ ಅರ್ಧವಾದಳು. ಇಷ್ಟು ದೊಡ್ಡ ತೊಟ್ಟಿಯಲ್ಲಿ ಕಡೆಗೆ ಉಳಿದದ್ದು ಎರಡು. ಅವೂ ಹೋದರೆ ಅವ್ವ ಏನು ಮಾಡಿಕೊಳ್ಳುತ್ತಾಳೋ ಎಂದು ನನಗೆ ಅಂಗಡಿಯಲ್ಲಿ ಮನಸ್ಸು ನಿಲ್ಲದು.

ಇದು ಸಾಲದೆಂದು ನೆರೆಮನೆಯ ಟೇಲರ್ ಚಾಚಾ ದಿನವೂ ಕೆಣಕುವರು. “ಏನ್ರೀ ಸಾವ್ಕಾರ್ರ, ನೀವು ತಿನ್ನಂಗಿಲ್ಲ, ಮಾರಂಗಿಲ್ಲ. ಇದ್ಯಾವ ಧಂದಾ ರೀ?”

ಒಂದು ದಿನ ಅವ್ವ ಚಾಚಾಗೆ ಅವಲಕ್ಕಿ ತಂದಿಟ್ಟಳು. ಅವರು ಕೈಮುಗಿದು, “ಬ್ಯಾಡ್ರಿ ಅಮ್ಮಾ, ಇವತ್ತ ರೋಜಾ ಐತಿ” ಎಂದರು. ಸೀರೆಗೆ ಬೆಂಕಿ ತಾಗಿದವಳಂತೆ ಅವ್ವ ತಟ್ಟೆ ಹಿಂದಕ್ಕೆಳೆದುಕೊಂಡಳು. “ತಪ್ಪಾತಪ್ಪಾ, ವ್ರತದಾಗ ಇದ್ದವರ ಮುಂದ ತಟ್ಟಿ ಹಿಡದ್ನಲ್ಲ!” ಎಂದು ಗಲ್ಲ ಗಲ್ಲ ಬಡಿದುಕೊಂಡಳು.

ನನಗೆ ಅಷ್ಟೇ ಸಾಕಾಯಿತು. ನಮ್ಮ ಕಡೆ ‘ಉಂಡು ಹೋಗ್ರಿ’ ಎಂಬ ಒತ್ತಾಯವನ್ನು ಸೋಲಿಸುವುದು ಅದೊಂದೇ. ಹೊಟ್ಟೆ ತುಂಬಿದೆ ಎಂದರೆ ಬಿಡುವುದಿಲ್ಲ, ಡಾಕ್ಟರು ಬೇಡವೆಂದಿದ್ದಾರೆ ಎಂದರೂ ಬಿಡುವುದಿಲ್ಲ. ವ್ರತ ಎಂದರೆ ತಟ್ಟೆ ತಾನಾಗಿ ಹಿಂದಕ್ಕೆ ಹೋಗುತ್ತದೆ. ಶ್ರಾವಣ ಬರಲಿ ಎಂದು ಕಾದೆ. ಅವ್ವ ಆ ತಿಂಗಳಿಡೀ ಒಪ್ಪತ್ತು ಮಾಡುವವಳು, ದಿನಕ್ಕೆ ಒಂದೇ ಊಟ.

“ಯವ್ವಾ, ಮೀನಿಗೂ ಒಪ್ಪತ್ತು ಹಿಡಿಸೀನಿ. ಸಂಜಿಗೆ ಒಂದ ಚಿಟಿಕಿ.”

ಅವ್ವ ತೊಟ್ಟಿಗೆ ಕೈಮುಗಿದಳು. ಅವತ್ತಿನಿಂದ ಕಾವಲು ನಿಂತವಳು ಅವಳೇ. ಚುರುಮುರಿ ಎತ್ತಿದವರ ಕೈಗೆ ಹೊಡೆದಳು. “ಒಪ್ಪತ್ತಿನಾಗ ಅದಾವ, ಪಾಪಾ ಕಟ್ಕೊಬ್ಯಾಡ್ರಿ!” ನೀರು ತಿಳಿಯಾಯಿತು, ಮೀನುಗಳ ಮೈಗೆ ಹೊಳಪು ಬಂತು, ಅವ್ವ ತನ್ನ ಒಂದು ಊಟವನ್ನು ನೆಮ್ಮದಿಯಿಂದ ಉಂಡಳು.

ಬೆನಕನ ಅಮಾವಾಸ್ಯೆಗೆ ಶ್ರಾವಣ ಮುಗಿಯಿತು. ಮರುದಿನ ನೋಡಿದರೆ ಅವ್ವ ಹೋಳಿಗೆ ಹಿಡಿದು ತೊಟ್ಟಿಯ ಮುಂದೆ ನಿಂತಿದ್ದಾಳೆ. ಓಡಿ ಹೋಗಿ ಕೈ ಹಿಡಿದೆ.

“ಇವುಗಳ ಒಪ್ಪತ್ತು ವರ್ಷಾಪೂರ್ತಿ ಐತಿಬೇ.”

“ಯಾರು ಹಿಡಿಸಿದವರು?”

“ನಾನ.”

“ಹಂಗಾದ್ರ ನೀನೂ ಹಿಡಿ. ಮನಿ ಯಜಮಾನ ಎರಡ ಹೊತ್ತು ಕಡದು, ಮೂಕ ಜೀವಕ್ಕ ಒಂದ ಹೊತ್ತು ಅಂದ್ರ ಯಾವ ದೇವರು ಒಪ್ಪತಾನೋ?”

ನಾನು ಸೋಮವಾರ ಮಾತ್ರ ಹಿಡಿಯುತ್ತೇನೆ ಎಂದು ಇಳಿಸಿ ನೋಡಿದೆ. ಹೋಳಿಗೆ ನೀರಿನ ಹತ್ತಿರ ಹೋಯಿತು. ವಾರಕ್ಕೆ ನಾಲ್ಕು ದಿನ ಎಂದೆ. ಹೋಳಿಗೆಯ ತುದಿ ಮುರಿಯಿತು. ಊರೆಲ್ಲ ವ್ಯಾಪಾರ ಮಾಡಿ ಬಂದವನು ಅವ್ವನ ಮುಂದೆ ಪೂರಾ ಶರಣಾಗಿ, ರಾತ್ರಿಗೆ ಒಂದು ಲೋಟ ಮಜ್ಜಿಗೆಯನ್ನು ಮಾತ್ರ ಗಿಟ್ಟಿಸಿಕೊಂಡೆ. ಹೋಳಿಗೆಯನ್ನು ಅವಳೇ ತಿಂದಳು.

ಅಡುಗೆಮನೆಯಿಂದ ಹೆಂಡತಿ ಕೂಗಿದಳು. “ರೀ, ಮಜ್ಜಿಗಿಗೆ ಉಪ್ಪಾದ್ರೂ ನಡೀತೈತೇನು, ಅದಕ್ಕೂ ಅತ್ತೀನ್ನ ಕೇಳ್ಲೋ?”